ಬಾವುಟ ದಾಟಿದರೆ ಆರು ಕೈ

ನನ್ನ ಅಕ್ಕನ ಬಗ್ಗೆ ಬರೆಯೋಣವೆಂದು ಕೂತರೆ ಮೊದಲು ಆ ಕಾರ್ಯದರ್ಶಿಯ ಮುಖವೇ ಕಣ್ಣ ಮುಂದೆ ಬಂದು ಪಿತ್ತ ನೆತ್ತಿಗೇರುತ್ತದೆ. ಇರಲಿ, ಅವರ ಸರದಿ ಆಮೇಲೆ.

ಅಕ್ಕ ಕ್ಲಬ್ಬಿನ ಈಜುಕೊಳದಲ್ಲಿ ಹೆಂಗಸರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಒಂದು ಮರದ ಸ್ಟೂಲಿನ ಮೇಲೆ ಕೂರುವವಳು. ಲಾಕರಿನ ಬೀಗದ ಕೈ ಕೊಡುವುದು, ಮರೆಯದೆ ವಾಪಸ್ ಇಸಿದುಕೊಳ್ಳುವುದು, ನೆಲ ಒರೆಸುವುದು, ಶವರಿನ ಕೆಳಗಿನ ಜಾಲರಿಯಲ್ಲಿ ಸಿಕ್ಕಿಕೊಂಡ ಕೂದಲು ಕೀಳುವುದು, ಹದಿನೇಳು ವರ್ಷದಿಂದ ಇದೇ ಕೆಲಸ. ಮಧ್ಯಾಹ್ನ ಕೊಳ ಮುಚ್ಚಿರುವ ಹೊತ್ತಿನಲ್ಲಿ ಹಳೇ ಬಟ್ಟೆಯಲ್ಲೇ ನೀರಿಗಿಳಿದು, ಕಂಬಿ ಹಿಡಿದು ಕಾಲು ಬಡಿದು, ಮೂವತ್ತು ದಾಟಿದ ಮೇಲೆ ಈಜು ಕಲಿತಳು. ಕಲಿಸಿದವರು ಯಾರೂ ಇಲ್ಲ. ಕೋಚ್ ಸಾಹೇಬರು ಸದಸ್ಯರ ಮಕ್ಕಳಿಗೆ ಕೂಗಿ ಹೇಳುತ್ತಿದ್ದುದನ್ನೆಲ್ಲ ನೆಲ ಒರೆಸುತ್ತಲೇ ಕಿವಿಗೆ ಹಾಕಿಕೊಂಡಿದ್ದಳು, ಅಷ್ಟೆ.

“ಈ ವಯಸ್ಸಲ್ಲಿ ನಿನಗ್ಯಾಕೆ ಮೀನಿನ ಆಟ?” ಎಂದು ಅಮ್ಮ ಬಯ್ಯುತ್ತಿದ್ದಳು. ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ಯಾರು ಏನಂದರೂ ಅವಳು ತುಟಿ ಪಿಟಕ್ಕೆನ್ನುವವಳಲ್ಲ. ಇಬ್ಬರ ಪಾಲಿನ ಸಿಟ್ಟನ್ನೂ ದೇವರು ನನಗೊಬ್ಬಳಿಗೇ ಕೊಟ್ಟುಬಿಟ್ಟಿದ್ದಾನೆ.

ಈ ವರ್ಷ ಒಂಬತ್ತು ವರ್ಷದೊಳಗಿನ ಮಕ್ಕಳ ಈಜು ಸ್ಪರ್ಧೆ ನಮ್ಮ ಕೊಳದಲ್ಲೇ ಎಂದು ತೀರ್ಮಾನವಾಯಿತು. ತಂಡಕ್ಕೆ ಹನ್ನೆರಡು ಮಕ್ಕಳು ಬೇಕು, ಸದಸ್ಯರ ಮಕ್ಕಳಲ್ಲಿ ಬೆಳಗ್ಗೆ ಏಳುವವರು ಐದೇ ಜನ. ಆಗ ಕಾವಲುಗಾರನ ಮಗಳು, ತೋಟ ನೋಡಿಕೊಳ್ಳುವವನ ಅವಳಿಜವಳಿ, ಗುಡಿಸುವವರ ಮಕ್ಕಳು ಎಲ್ಲರೂ ದಿಢೀರನೆ ಕಮಿಟಿಯ ಕಣ್ಣಿಗೆ ಬಿದ್ದರು. “ಏಳು ಮಕ್ಕಳನ್ನ ನೀನೇ ತಯಾರು ಮಾಡಮ್ಮ,” ಎಂದು ಕೋಚ್ ಸಾಹೇಬರು ಅಕ್ಕನ ತಲೆಗೆ ಕಟ್ಟಿ ಕೈತೊಳೆದುಕೊಂಡರು. ಬೆಳಗ್ಗೆ ಆರರಿಂದ ಆರೂವರೆ, ಸದಸ್ಯರು ಬರುವುದರೊಳಗೆ ನೀರು ಬಿಟ್ಟು ಏಳಬೇಕು.

ಅಕ್ಕ ಆ ಅರ್ಧ ಗಂಟೆಯ ಒಂದು ನಿಮಿಷವನ್ನೂ ಪೋಲು ಮಾಡಲಿಲ್ಲ. ಕಾಲ್ಬೆರಳು ಅಂಚಿಗೆ ಸಿಗಿಸಿ ನಿಲ್ಲುವುದನ್ನು ಕಲಿಸಿದಳು. ಈಜು ಕನ್ನಡಕದ ಪಟ್ಟಿ ಎಷ್ಟು ಬಿಗಿ ಇರಬೇಕೆಂದು ಒಂದೊಂದು ತಲೆಗೂ ನೋಡಿ ಗಂಟು ಹಾಕಿದಳು. ನೀರಿನಲ್ಲಿ ಈಜುವುದಕ್ಕಿಂತ ಬೆಂಚಿನ ಮೇಲೆ ಕಾಯುವುದೇ ಕಷ್ಟ ಎನ್ನುತ್ತಾಳೆ. ಅದಕ್ಕೇ ಟವೆಲು ಸುತ್ತಿ ಸಾಲಾಗಿ ಕೂರಿಸಿ, “ಲೇನ್ ಮೂರು!” ಎಂದು ತಾನೇ ದಪ್ಪ ಗಂಟಲಲ್ಲಿ ಕೂಗಿ, ಎದ್ದು ಹೋಗುವುದನ್ನೂ ಅಭ್ಯಾಸ ಮಾಡಿಸಿದಳು.

ಕಾವಲುಗಾರನ ಮಗಳಿಗೆ ಎಂಟು ವರ್ಷ. ನೀರಿಗಿಳಿದ ಮೊದಲ ದಿನ ದೊಡ್ಡ ತಲೆ, ಬಡಿಯುವ ಕಾಲು, ನಡುವೆ ಏನೂ ಇಲ್ಲ. ಹಾಗಾಗಿ ಅವಳು ಗೊದಮೊಟ್ಟೆ. ಅವಳದು ಬ್ಯಾಕ್‌ಸ್ಟ್ರೋಕ್, ಬೆನ್ನ ಮೇಲೆ ಮಲಗಿ ಈಜುವುದು. ಎರಡನೇ ವಾರದಲ್ಲೇ ಗೋಡೆಗೆ ನೆತ್ತಿ ಬಡಿಸಿಕೊಂಡು ನಿಂಬೆಹಣ್ಣಿನಷ್ಟು ದಪ್ಪ ಊದಿಸಿಕೊಂಡಳು. ಆಮೇಲೆ ಬೆನ್ನ ಮೇಲೆ ಮಲಗು ಎಂದರೆ ಅಳು. “ಹಿಂದೆ ಏನಿದೆ ಅಂತ ಕಾಣ್ಸೋದೇ ಇಲ್ವಲ್ಲ,” ಎನ್ನುತ್ತಿದ್ದಳು. ಸುಳ್ಳೇನು?

ಇದಕ್ಕೆ ಮದ್ದು ಎಲ್ಲ ಕೊಳಗಳಲ್ಲೂ ಇರುತ್ತದೆ. ಗೋಡೆಗೆ ಐದು ಮೀಟರ್ ದೂರದಲ್ಲಿ, ನೀರಿನ ಮೇಲೆ ಅಡ್ಡಲಾಗಿ ಬಾವುಟಗಳ ಹಗ್ಗ. ಮಲಗಿ ಈಜುವವರು ಅದು ಕಂಡ ಕೂಡಲೇ ಎಷ್ಟು ಸಲ ಕೈ ಬೀಸಿದೆವೆಂದು ಎಣಿಸಿ ಗೋಡೆ ಮುಟ್ಟುತ್ತಾರೆ. ನಮ್ಮ ಕೊಳದಲ್ಲಿ ಅದು ಹರಿದುಹೋಗಿ ಎಷ್ಟೋ ಕಾಲವಾಗಿತ್ತು. ಅಕ್ಕ ಮೂರು ಸಲ ಕೇಳಿದರೂ ಕಮಿಟಿ ಸೊಪ್ಪು ಹಾಕಲಿಲ್ಲ. ಕೊನೆಗೆ ನನ್ನ ಹೊಲಿಗೆ ಅಂಗಡಿಗೆ ಬಂದಳು. ಕೊಡೆ ಬಟ್ಟೆಯ ತುಂಡುಗಳಲ್ಲಿ ನಲವತ್ತು ಮುಕ್ಕೋನ ಕತ್ತರಿಸಿ, ಹಗ್ಗಕ್ಕೆ ಹೊಲಿದುಕೊಟ್ಟೆ. ನನ್ನದೇ ಟೇಪು ಹಿಡಿದು ಅಳೆದು, ಎರಡು ಕಬ್ಬಿಣದ ಕಂಬ ನಿಲ್ಲಿಸಿ ಕಟ್ಟಿದೆವು.

“ಬಾವುಟ ದಾಟಿದ್ರೆ ಆರು ಕೈ. ಆರನೇದಕ್ಕೆ ಗೋಡೆ,” ಎಂದಳು ಅಕ್ಕ. “ಬಾವುಟ ಸುಳ್ಳು ಹೇಳಲ್ಲ ಪುಟ್ಟಾ.” ಗೊದಮೊಟ್ಟೆ ನಂಬಿದಳು. ಹತ್ತು ದಿನದಲ್ಲಿ ಕಣ್ಣು ಮೇಲಿಟ್ಟು, ಬಾಯಲ್ಲಿ ಎಣಿಸುತ್ತ, ಹೆದರದೆ ಕೈ ಬೀಸುತ್ತಿದ್ದಳು.

ಸ್ಪರ್ಧೆಯ ದಿನ ಅಂಗಡಿ ಮುಚ್ಚಿ ನಾನೂ ಹೋಗಿದ್ದೆ. ಬೆಳಗ್ಗೆ ಅಭ್ಯಾಸವೂ ಚೆನ್ನಾಗಿ ಆಯಿತು. ಮಕ್ಕಳು ಮೈ ಒರೆಸಿಕೊಂಡು ಬರುವುದರೊಳಗೆ ಕಾರ್ಯದರ್ಶಿಗಳ ಸವಾರಿ ಬಂತು. ಮುಖ್ಯ ಅತಿಥಿಗಳ ಭಾವಚಿತ್ರವಿದ್ದ ಬ್ಯಾನರ್ ಕಟ್ಟಲು ಕಂಬ ಬೇಕಿತ್ತಂತೆ. ನಮ್ಮ ಎರಡೂ ಕಂಬ ವೇದಿಕೆಯ ಪಕ್ಕ ಹೋದವು. ಬಾವುಟದ ಹಗ್ಗವನ್ನು ಕೊಳದ ಎರಡೂ ಬದಿಯ ಚಪ್ಪರದ ಕೊಕ್ಕೆಗಳಿಗೆ ಕಟ್ಟಿಸಿದರು. ಅಕ್ಕ ಅಳೆದು ನೋಡಿದಳು. ಗೋಡೆಗೆ ಮೂರೇ ಮೀಟರ್.

“ಸಾರ್, ಮಕ್ಕಳ ತಲೆ ಗೋಡೆಗೆ ಬಡಿಯುತ್ತೆ,” ಎಂದಳು.

“ಅಲಂಕಾರದ ಬಾವುಟ ಎರಡು ಹೆಜ್ಜೆ ಆಚೀಚೆ ಆದ್ರೆ ಏನೀಗ? ಅತಿಥಿಗಳು ಗೇಟ್ ಹತ್ರ ಬಂದಾಯ್ತು. ಹೋಗಮ್ಮ, ನಿನ್ನ ಬೀಗದ ಕೈ ನೋಡ್ಕೋ.”

ಅಲಂಕಾರವಂತೆ! ಈಜುಕೊಳದ ಕಾರ್ಯದರ್ಶಿಯಾಗಿ ಆರು ವರ್ಷವಾದ ಮನುಷ್ಯ. ಕೋಚ್ ಸಾಹೇಬರಿಗೆ ಎಲ್ಲ ಗೊತ್ತು, ಆದರೆ ಅವರು ಗಡಿಯಾರದ ಗುಂಡಿ ಒರೆಸುತ್ತ, “ಅವರಿಗೆ ನಾನು ಹೇಳೋಕಾಗುತ್ತಾ?” ಎಂದರು. ತೀರ್ಪುಗಾರರು ಅತಿಥಿಗಳನ್ನು ಎದುರುಗೊಳ್ಳಲು ಗೇಟಿನಲ್ಲಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು. ಅಕ್ಕ ಎಂದಿನಂತೆ ತಲೆ ತಗ್ಗಿಸಿ ಬೆಂಚಿನ ಹತ್ತಿರ ಹೋಗಿ ಗೊದಮೊಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಪುಟ್ಟಾ, ಇವತ್ತು ಬಾವುಟ ಹತ್ರ ಬಂದಿದೆ. ಆರಲ್ಲ, ನಾಲ್ಕು ಎಣಿಸು.”

“ನೀವು ಆರು ಅಂದಿದ್ರಿ,” ಎಂದಳು ಹುಡುಗಿ.

“ಇವತ್ತೊಂದಿನ ನಾಲ್ಕು.”

ಹುಡುಗಿ ಬೆರಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅಷ್ಟರಲ್ಲಿ ಗಂಡುಮಕ್ಕಳ ಬ್ಯಾಕ್‌ಸ್ಟ್ರೋಕ್ ಶುರುವಾಯಿತು. ಬೇರೆ ತಂಡದ ಹುಡುಗನೊಬ್ಬ ಎಲ್ಲರಿಗಿಂತ ಮುಂದೆ ಬಂದ, ಬಾವುಟ ನೋಡಿ ತನ್ನ ಲೆಕ್ಕದಂತೆ ಕೈ ಬೀಸಿದ, ಗೋಡೆಗೆ ತಲೆ ಬಡಿದ. ಆ ಸದ್ದು ನಮ್ಮ ಬೆಂಚಿನವರೆಗೂ ಕೇಳಿಸಿತು. ಅವನ ನೆತ್ತಿಗೆ ಐಸ್ ಒತ್ತುತ್ತಿದ್ದಾಗ ಕಾರ್ಯದರ್ಶಿಗಳು ಮೈಕಿನಲ್ಲಿ, “ಆಟ ಅಂದ್ಮೇಲೆ ಇದೆಲ್ಲ ಇದ್ದದ್ದೇ,” ಎಂದು ನಕ್ಕರು.

ಗೊದಮೊಟ್ಟೆ ಟೋಪಿ ಕಿತ್ತು ಮಡಿಲಲ್ಲಿ ಇಟ್ಟುಕೊಂಡಳು. “ನಾನು ಈಜಲ್ಲ ಅಕ್ಕಾ. ಯಾವ ಲೆಕ್ಕ ನಿಜ ಅಂತ ನಂಗೆ ಗೊತ್ತಾಗ್ತಿಲ್ಲ.”

ಅಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಟೋಪಿ ತೆಗೆದುಕೊಂಡು ಅವಳ ತಲೆಗೆ ಮತ್ತೆ ಹಾಕಿ, ಕಿವಿ ಮುಚ್ಚುವಂತೆ ಎಳೆದಳು. “ಆರು. ಆರೇ ನಿಜ. ನೀನು ಹೋಗಿ ನಿಂತ್ಕೋ, ಉಳಿದಿದ್ದು ನಾನು ನೋಡ್ಕೋತೀನಿ.”

ಹಾಗೆಂದವಳೇ ನೆಟ್ಟಗೆ ಹೋಗಿ ಎರಡೂ ಕಡೆಯ ಕೊಕ್ಕೆಯಿಂದ ಹಗ್ಗ ಬಿಚ್ಚಿದಳು. ತನ್ನ ಸ್ಟೂಲು ತಂದು ಕೊಳದ ಈ ದಂಡೆಯಲ್ಲಿ ಐದು ಮೀಟರಿಗೆ ಸರಿಯಾಗಿ ಇಟ್ಟು ಹತ್ತಿದಳು. “ನೋಡ್ತಾ ನಿಂತಿದೀಯಲ್ಲೇ, ಆ ತುದಿ ಹಿಡ್ಕೋ,” ಎಂದು ನನಗೆ ಗದರಿದಳು. ಹುಟ್ಟಿದಾಗಿನಿಂದ ಅವಳು ನನಗೆ ಗದರಿದ್ದು ಅದೇ ಮೊದಲು. ನಾನು ಆಚೆ ದಂಡೆಗೆ ಓಡಿ ಪ್ಲಾಸ್ಟಿಕ್ ಕುರ್ಚಿ ಹತ್ತಿ ಹಗ್ಗ ಎಳೆದು ಹಿಡಿದೆ.

“ಏಯ್, ಇಳಿಯಮ್ಮ! ಅತಿಥಿಗಳಿಗೆ ಅಡ್ಡ ಆಗ್ತಿದೆ!” ಎಂದು ಕಾರ್ಯದರ್ಶಿ ಓಡಿಬಂದರು.

“ಇಳಿಯಲ್ಲ ಸಾರ್,” ಎಂದಳು ಅಕ್ಕ. “ಬೇಕಾದ್ರೆ ನಾಳೆ ಕೆಲಸದಿಂದ ತೆಗೀರಿ. ಇವತ್ತು ಇಳಿಯಲ್ಲ.”

ತೀರ್ಪುಗಾರರು ಬಂದು ಗೋಡೆಯಿಂದ ಅಕ್ಕನ ಸ್ಟೂಲಿನವರೆಗೆ ಟೇಪಿನಲ್ಲಿ ಅಳೆದರು. ಆ ಹುಡುಗನ ತಲೆ ಬಡಿಯುವವರೆಗೂ ಬಾಯಿಬಿಡದಿದ್ದವರು ಅವರೂ, ಹಾಗಾಗಿ ಅವರನ್ನು ಹೊಗಳಲಾರೆ. “ಹಾಗೇ ಹಿಡ್ಕೊಂಡಿರಿ,” ಎಂದು ಸೀಟಿ ಊದಿದರು.

ಸ್ಪರ್ಧೆ ನೋಡಿದೆನೋ ಇಲ್ಲವೋ ನನಗೇ ತಿಳಿಯದು. ಹಗ್ಗ ಜೋಲದಂತೆ ಹಿಡಿಯುವುದರಲ್ಲೇ ನನ್ನ ಗಮನವೆಲ್ಲ ಇತ್ತು. ಎದುರಿಗೆ ಅಕ್ಕನ ತುಟಿ ಅಲುಗುವುದು ಮಾತ್ರ ಕಂಡಿತು. ನಾಲ್ಕು, ಐದು, ಆರು. ಗೊದಮೊಟ್ಟೆಯ ಅಂಗೈ ಗೋಡೆಗೆ ತಾಗಿತು. ಆರು ಜನರಲ್ಲಿ ನಾಲ್ಕನೆಯವಳು.

ಬಹುಮಾನದ ಹೊತ್ತಿಗೆ ಮುಖ್ಯ ಅತಿಥಿಗಳು ಮಕ್ಕಳ ಸುರಕ್ಷತೆಗಾಗಿ ಕಾರ್ಯದರ್ಶಿಗಳನ್ನು ಮನಸಾರೆ ಅಭಿನಂದಿಸಿದರು. ಕೋಚ್ ಸಾಹೇಬರಿಗೆ ಒಂದು ಫಲಕ ಸಿಕ್ಕಿತು. ತಲೆ ಊದಿಸಿಕೊಂಡ ಹುಡುಗನ ತಾಯಿ ವೇದಿಕೆಯ ಕೆಳಗೆ ಸುಮಾರು ಹೊತ್ತು ನಿಂತಿದ್ದರು. ಯಾರೂ ಅವರ ಕಡೆ ತಿರುಗಿ ನೋಡಲಿಲ್ಲ.

ಅಕ್ಕ ತನ್ನ ಬಾಗಿಲಿಗೆ ವಾಪಸ್ ಬಂದು ಬೀಗದ ಕೈ ಎಣಿಸುತ್ತಿದ್ದಳು. ಗೊದಮೊಟ್ಟೆ ಒದ್ದೆ ಕೂದಲಲ್ಲೇ ಬಂದು ಎದುರು ನಿಂತಳು.

“ಅಕ್ಕಾ, ಮೊದಲು ಯಾಕೆ ನಾಲ್ಕು ಅಂದ್ರಿ?”

ಅಕ್ಕ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. “ತಪ್ಪಾಯ್ತು ಪುಟ್ಟಾ,” ಎಂದಳು.

ಆ ಇಡೀ ದಿನ, ಅಷ್ಟು ಜನ ದೊಡ್ಡವರಿದ್ದ ಆ ಜಾಗದಲ್ಲಿ, ಈ ಮಾತು ಹೇಳಿದ್ದು ಅವಳೊಬ್ಬಳೇ.