ತೊಳೆದ ಜಗಲಿ

ಮೊಮ್ಮಗಳು ಶನಿವಾರ ತುಮಕೂರಿನಿಂದ ಬಂದವಳು ಬ್ಯಾಗು ಬಿಚ್ಚಿದಳು, ಒಳಗಿನಿಂದ ನುಸಿಗುಳಿಗೆಯ ವಾಸನೆ ಬಂತು. ಹಳೆಯ ಪುಸ್ತಕಗಳ ಧೂಳು ಒರೆಸಿ ಜೋಡಿಸುವುದನ್ನೂ ಅವಳಿಗೆ ಕಾಲೇಜಿನಲ್ಲಿ ಪಾಠದ ಜೊತೆ ಹೇಳಿಕೊಡುತ್ತಾರಂತೆ; ಬಟ್ಟೆಗೆಲ್ಲ ಆ ವಾಸನೆ ಹತ್ತಿತ್ತು. ಮೂಗಿಗೆ ಬಿದ್ದಿದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಸೆರಗಿಗೆ ಹೋಗಿ ಒರೆಸಿಕೊಂಡವು.

"ಯಾಕಜ್ಜಿ, ಕೈಗೇನಾಯ್ತು?" ಅಂದಳು.

ಏನೂ ಆಗಿರಲಿಲ್ಲ. ನಮ್ಮೂರ ಲೈಬ್ರರಿ ನೋಡಿಕೊಳ್ಳುತ್ತಿದ್ದ ಲೈಬ್ರರಿಯಮ್ಮ ನೆನಪಾಗಿದ್ದಳು; ಅವಳ ಪುಸ್ತಕಗಳಿಗೂ ಇದೇ ವಾಸನೆ.

ನನ್ನ ಮೊಮ್ಮಗಳು ಲೈಬ್ರರಿ ಸೈನ್ಸ್ ಓದುತ್ತಿದ್ದಾಳೆಂದು ಈ ವರ್ಷ ನಾನು ಹೇಳದೆ ಬಿಟ್ಟವರು ಯಾರೂ ಇಲ್ಲ. ಕೊರಟಗೆರೆ ಬಸ್ಸಿನ ಕಂಡಕ್ಟರಿಗೆ ಹೇಳಿದ್ದೇನೆ, ಮಧುಗಿರಿ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ ನರ್ಸಮ್ಮನಿಗೆ ಹೇಳಿದ್ದೇನೆ. ಸೀಟು ಸಿಕ್ಕ ದಿನ ಒಬ್ಬಟ್ಟು ಮಾಡಿ ಬೀದಿಗೆಲ್ಲ ಕೊಟ್ಟೆ. ಎದುರುಮನೆಯ ರಂಗಪ್ಪ ತಿನ್ನುತ್ತಲೇ, "ಅಲ್ಲಕ್ಕಾ, ಪುಸ್ತಕ ಎತ್ಕೊಡೋಕೂ ಒಂದು ಕಾಲೇಜಾ?" ಅಂದ. "ಇನ್ನೊಂದು ಒಬ್ಬಟ್ಟು ತಗೊಳಪ್ಪ, ಬಾಯಿ ತುಂಬಿರಲಿ" ಅಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಮನೆಯಿಂದ ಒಂದು ಹುಡುಗಿ ಪುಸ್ತಕದ ಮನೆಯ ಯಜಮಾನಿ ಆಗುತ್ತಾಳೆ ಎಂದರೆ ಸಂತೋಷ ಎದೆಯಲ್ಲಿ ಹಿಡಿಸುವುದಿಲ್ಲ. ಆದರೆ ಆ ಸಂತೋಷದ ತಳದಲ್ಲಿ ಒಂದು ಕಹಿ ಕೂತಿದೆ, ಎಷ್ಟು ಬೆಲ್ಲ ಹಾಕಿದರೂ ಏಳುವುದಿಲ್ಲ.

ಚನ್ನರಾಯನದುರ್ಗದ ಬೆಟ್ಟ ಕಾಣುವ ನಮ್ಮೂರಲ್ಲಿ ಲೈಬ್ರರಿ ಎಂದರೆ ಪಂಚಾಯಿತಿಯ ಒಂದು ಕೋಣೆ, ಮುಂದೆ ಉದ್ದನೆಯ ಜಗಲಿ. ಅಲ್ಲಿ ನೆರಳು, ಒಳ್ಳೆಯ ಗಾಳಿ. ಬೇಸಗೆಯಲ್ಲಿ ಮಂಡಿಯವರು ಕೊಟ್ಟ ಹುಣಸೆಹಣ್ಣಿನ ಮೂಟೆ ತಂದು ನಾವು ಹೆಂಗಸರು ಅಲ್ಲೇ ಕೂತು ಓಡು ಕುಟ್ಟಿ, ನಾರು ತೆಗೆದು, ಬೀಜ ಬಿಡಿಸುತ್ತಿದ್ದೆವು. ಬೇರೆ ಯಾರಾದರೂ ಆಗಿದ್ದರೆ ಓಡಿಸುತ್ತಿದ್ದರು. ಲೈಬ್ರರಿಯಮ್ಮ ಓಡಿಸಲಿಲ್ಲ. ಮೊದಲ ದಿನ ಬಾಗಿಲಲ್ಲಿ ನಿಂತು, "ಕೈ ತೋರಿಸ್ರೇ" ಅಂದಳು. ತೋರಿಸಿದೆವು. ಮೊಣಕೈವರೆಗೂ ಅಂಟು. "ಈ ಕೈಯಲ್ಲಿ ಯಾರಾದ್ರೂ ನನ್ನ ಪುಸ್ತಕ ಮುಟ್ಟಿದ್ರೆ ನೋಡಿ ಮತ್ತೆ. ನಾನೇ ಓದ್ತೀನಿ, ಬಾಯಿ ಮುಚ್ಕೊಂಡು ಕೇಳಿ."

ಅಂದಿನಿಂದ ಆಯಮ್ಮ ಹೊಸ್ತಿಲ ಮೇಲೆ ಕೂತು ಓದುವುದು, ನಾವು ಬಿಡಿಸುತ್ತಾ ಕೇಳುವುದು. ಹುಣಸೆ ಮುಗಿದರೆ ಬಿತ್ತನೆಗೆ ಕಡಲೆಕಾಯಿ ಸುಲಿಯುವುದು ಶುರುವಾಗುತ್ತಿತ್ತು, ಓದು ಮಾತ್ರ ನಿಲ್ಲುತ್ತಿರಲಿಲ್ಲ. ಮೊದಲು ಪೇಪರು, ಆಮೇಲೆ ಕಾದಂಬರಿ. ತುಂಬ ಚೆನ್ನಾಗಿ ಓದುತ್ತಿದ್ದಳು ಎಂದೇನೂ ಹೇಳಲಾರೆ. ಗಂಡಸರ ಉದ್ದುದ್ದ ಮಾತು ಬಂದರೆ "ಇದು ಬ್ಯಾಡ" ಎಂದು ಹಾರಿಸಿಬಿಡುತ್ತಿದ್ದಳು. ಊಟದ ಹೊತ್ತಾದ ಮೇಲೆ ಓದುತ್ತಲೇ ತೂಕಡಿಸುತ್ತಿದ್ದಳು. ಕತೆ ಬಿಗಿಯಾದ ಕಡೆಯೇ ಪುಸ್ತಕ ಮಡಚಿ ಟೀ ಕುಡಿಯಲು ಏಳುವುದು ಬೇರೆ. ಆಯಮ್ಮನ ತವರು ಪಾವಗಡದ ಕಡೆ. ನಾವು "ಮುಂದೇನಾಯ್ತು" ಎಂದು ಗಲಾಟೆ ಮಾಡಿದರೆ, "ಉಂಡವೇ ತಲ್ಲಿ, ಉಂಡು" ಎಂದು ತೆಲುಗಿನಲ್ಲೇ 'ಇರೇ ತಾಯಿ, ಇರು' ಅನ್ನುತ್ತಿದ್ದಳು.

ಕೊನೆಗೆ ಓದುತ್ತಿದ್ದ ಕಾದಂಬರಿಯಲ್ಲಿ ಒಬ್ಬಳು ಹೆಂಗಸು. ಅಪ್ಪನ ಹೊಲದಲ್ಲಿ ತನಗೆ ಭಾಗ ಬೇಡವೆಂದು ಸಹಿ ಹಾಕಿಕೊಡು ಎಂದು ಅಣ್ಣತಮ್ಮಂದಿರು ಅವಳ ಬೆನ್ನುಬಿದ್ದಿದ್ದರು. ಜಗಲಿಯಲ್ಲಿ ಇದಕ್ಕೆ ದೊಡ್ಡ ಜಗಳ. ನಮ್ಮ ಗಂಗಮ್ಮ, "ಹಾಕ್ತಾಳೆ ನೋಡ್ತಿರಿ. ತವರು ಬುಡಕ್ಕಾಯ್ತದಾ?" ಅನ್ನುವಳು. "ಹಾಕ್ಬಾರ್ದು ಕಣೆ! ನಾವು ಹಾಕಿ ಏನ್ ಕಂಡ್ವಿ?" ಎಂದು ನಾನು. ಜಗಲಿಯ ಮೇಲಿದ್ದ ನಾವೆಲ್ಲ ಅಂಥದೊಂದು ಕಾಗದಕ್ಕೆ ಹೆಬ್ಬೆಟ್ಟೋ ಸಹಿಯೋ ಹಾಕಿ ಬಂದವರೇ...

ಅಷ್ಟರಲ್ಲಿ ಲೈಬ್ರರಿಯನ್ನು ಡಿಜಿಟಲ್ ಮಾಡಿದರು. ಕಂಪ್ಯೂಟರು ಬಂತು, ಗೋಡೆಯಗಲದ ಟಿವಿ ಬಂತು. ಬಂದ ಓದುಗರೆಲ್ಲರ ಫೋನ್ ನಂಬರನ್ನು ಮೊಬೈಲಿನಲ್ಲಿ ಏರಿಸಬೇಕು, ಅಷ್ಟೇ ಜನ ಲೆಕ್ಕ ಎಂದು ಮೇಲಿನಿಂದ ಹೇಳಿದರಂತೆ. ನಮಗೆಲ್ಲಿಯ ಫೋನು? ಮಗನ ನಂಬರು ಕೊಟ್ಟರೆ ಒಟಿಪಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವವನಿಗೆ ಹೋಗುತ್ತಿತ್ತು.

ಒಂದು ದಿನ ಆಯಮ್ಮ ಓದು ನಿಲ್ಲಿಸಿ, "ಸೋಮವಾರ ಸಾಹೇಬ್ರು ಬರ್ತಾರೆ. ಲೈಬ್ರರಿ ನಡೀತದಾ, ನನ್ನ ಇಟ್ಕೋಬೇಕಾ ಬ್ಯಾಡ್ವಾ ಅಂತ ನೋಡ್ತಾರಂತೆ. ಎಲ್ಲಾ ಚೆನ್ನಾಗಿರ್ಬೇಕು ಕಣ್ರಮ್ಮ" ಅಂದಳು. ದನಿ ಎಂದಿನಂತಿರಲಿಲ್ಲ. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಆ ಕೋಣೆ ಬಿಟ್ಟರೆ ಆಯಮ್ಮನಿಗೆ ಇನ್ನೇನೂ ಇರಲಿಲ್ಲ.

ಚೆನ್ನಾಗಿರಬೇಕು ಅಂದಳಲ್ಲ. ಸೋಮವಾರ ಬೆಳಗ್ಗೆ, ಆಯಮ್ಮ ಸಾಹೇಬರಿಗೆ ಹಾರ ತರಲು ಕೊರಟಗೆರೆಗೆ ಹೋಗಿದ್ದಾಗ, ನಾವೆಲ್ಲ ಸೇರಿದೆವು. ವರ್ಷಗಟ್ಟಲೆಯ ಹುಣಸೆಯ ಕರಿ ನೆಲಕ್ಕಂಟಿತ್ತು. ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದೆವು. ರಂಗೋಲಿ ಬಿಟ್ಟೆವು, ಬಾಗಿಲಿಗೆ ಮಾವಿನ ತೋರಣ ಕಟ್ಟಿದೆವು. ಮೂಟೆಗಳನ್ನು ದೂರದ ಹೊಂಗೆಮರದಡಿಗೆ ಸಾಗಿಸಿ, ಮಕ್ಕಳನ್ನೂ ಆ ಕಡೆ ಸುಳಿಯಬೇಡಿ ಎಂದು ಗದರಿ, ನಾವೂ ಮರದ ಕೆಳಗೆ ಹುಣಸೆ ಬಿಡಿಸುತ್ತಾ ಕೂತೆವು. ಹೆಣ್ಣು ನೋಡಲು ಬಂದಾಗ ಮನೆ ಚೊಕ್ಕ ಮಾಡಿ ಮರೆಗೆ ಸರಿಯುವುದಿಲ್ಲವೇ, ಹಾಗೆ.

ಆಯಮ್ಮ ಬಸ್ಸಿಳಿದು ಬರುವುದಕ್ಕೂ ಜೀಪು ಬರುವುದಕ್ಕೂ ಸರಿಹೋಯಿತು. ಸಾಹೇಬರು ಒಳಗೆ ಹೋಗಿ ಹೊರಗೆ ಬಂದು, ಖಾಲಿ ಕೋಣೆಯ ಫೋಟೋ ಹೊಡೆದರು, ಖಾಲಿ ಜಗಲಿಯ ಫೋಟೋ ಹೊಡೆದರು. ಆಯಮ್ಮ ಹಾರ ಕೈಯಲ್ಲೇ ಹಿಡಿದು ಮರದ ಕಡೆ ತಿರುಗಿ, "ಏಯ್, ಬನ್ರೇ! ಅಲ್ಲ್ಯಾಕೆ ಕೂತ್ರಿ, ಬನ್ರೇ!" ಎಂದು ಕೂಗಿದಳು. ಅಂಟು ಕೈಯಲ್ಲೇ ಓಡಿದೆವು.

"ಇವರೆಲ್ಲ ಓದ್ತಾರೇನಮ್ಮ?" ಎಂದರು ಸಾಹೇಬರು.

"ಕೇಳ್ತಾರೆ ಸಾರ್. ನಾನು ಓದ್ತೀನಿ, ಇವ್ರು ಕೇಳ್ತಾರೆ."

"ಕೇಳೋರಿಗೆ ಕಾಲಂ ಇಲ್ಲಮ್ಮ ಇದ್ರಲ್ಲಿ" ಎಂದು ಮೊಬೈಲು ತೋರಿಸಿದರು.

ಗಂಗಮ್ಮನಿಗೆ ತಡೆಯಲಾಗಲಿಲ್ಲ. ಆಯಮ್ಮ ಪುಸ್ತಕಗಳನ್ನು ಎಷ್ಟು ಜೋಪಾನ ಮಾಡುತ್ತಾಳೆಂದು ಹೊಗಳಲು ಹೊರಟು, "ಸಾಹೇಬ್ರೆ, ಒಂದ್ ದಿನಾನೂ ನಮ್ಮನ್ನ ಪುಸ್ತಕ ಮುಟ್ಟಾಕೆ ಬುಟ್ಟಿಲ್ಲ ಕಣಪ್ಪ ಈಯಮ್ಮ! ಅಂಗೆ ನೋಡ್ಕತಾಳೆ!" ಅಂದಳು.

ಸಾಹೇಬರು ಆಯಮ್ಮನ ಮುಖ ನೋಡಿದರು. ಮೊಬೈಲಿನಲ್ಲಿ ಏನೋ ಒತ್ತಿಕೊಂಡು ಜೀಪು ಹತ್ತಿದರು.

ಆ ತಿಂಗಳು ತುಂಬುವುದರೊಳಗೆ ಆಯಮ್ಮನನ್ನು ಬಿಡಿಸಿ, ಕಂಪ್ಯೂಟರು ಬಲ್ಲ ಬೇರೊಬ್ಬರನ್ನು ಹಾಕಿದರು. ಹಳೆಯ ಪುಸ್ತಕಗಳನ್ನು ಮೂಟೆ ಕಟ್ಟಿ ಎಲ್ಲಿಗೋ ಒಯ್ದರು. ಕಾದಂಬರಿಯ ಹೆಂಗಸು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದಳು, ಅಲ್ಲೇ ನಿಂತಳು. ಹೊರಡುವ ದಿನ ಆಯಮ್ಮ ಜಗಲಿಯನ್ನೊಮ್ಮೆ ನೋಡಿ, "ನೆಲ ಮಾತ್ರ ಚೆನ್ನಾಗಿ ತೊಳ್ದಿದ್ರಿ ಕಣ್ರಮ್ಮ" ಅಂದಳು. ಬೈದಳೋ, ನಕ್ಕಳೋ... ಇವತ್ತಿಗೂ ತಿಳಿದಿಲ್ಲ.

ತಪ್ಪು ನಮ್ಮದು ಎಂದು ಊರವರು ಆಡಿಕೊಂಡರು. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಮನೆಗೆ ಬಂದವರಿಗೆ ನಾವು ಮರ್ಯಾದೆ ಮಾಡಿದೆವು. ರಂಗೋಲಿ ಯಾರು ಬಿಟ್ಟರು, ತೋರಣ ಯಾರು ಕಟ್ಟಿದರು ಎಂದು ಆ ದೊಡ್ಡ ಮನುಷ್ಯರು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು.

ಆಯಮ್ಮ ತಮ್ಮನ ಮನೆಗೆಂದು ಪಾವಗಡದ ರಾಯಚರ್ಲು ಕಡೆ ಹೋದಳು. ಅಲ್ಲಿ ಸೋಲಾರ್ ಹಲಗೆಗಳ ಸಾಲಿನಲ್ಲಿ ಹುಲ್ಲು ಕೀಳುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ಹೋದ ಬೇಸಗೆಯಲ್ಲಿ ತೀರಿಕೊಂಡಳು ಎಂಬ ಸುದ್ದಿಯೂ ನಮಗೆ ತಡವಾಗಿ, ಬಸ್ಸಿನಲ್ಲಿ ಯಾರದೋ ಬಾಯಿಂದ ಸಿಕ್ಕಿತು.

ಆಗ ಮಧುಗಿರಿ ಹಾಸ್ಟೆಲ್ಲಿನಲ್ಲಿದ್ದ ಮೊಮ್ಮಗಳಿಗೆ ಇದೆಲ್ಲ ಗೊತ್ತಿರಲಿಲ್ಲ. ಕೈಗೇನಾಯ್ತು ಅಂದವಳಿಗೆ ಎಲ್ಲ ಹೇಳಿದೆ. ಅವಳು ಫೋನು ತೆಗೆದು, "ಆ ಕಾದಂಬರಿ ಹೆಸರೇನಜ್ಜಿ? ಈಗ ಎಲ್ಲಾ ಸಿಗುತ್ತೆ, ಹುಡುಕ್ತೀನಿ" ಅಂದಳು.

ಹೆಸರು ನಾನೇನು ಬಲ್ಲೆ? ಆಯಮ್ಮ ಅದಕ್ಕೆ ಹಳೇ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ್ದಳು. ನಾವು ಯಾರೂ ಕೇಳಿರಲಿಲ್ಲ, ಆಯಮ್ಮನ ಹೆಸರನ್ನೂ ಕೇಳಿರಲಿಲ್ಲ. ಮೊಮ್ಮಗಳು ಕತೆಯನ್ನೇ ಒತ್ತಿ ಒತ್ತಿ ಹುಡುಕಿದಳು. ಏನೇನೋ ಬಂತು, ಅದು ಬರಲಿಲ್ಲ.

ಭಾನುವಾರ ಬಸ್ಸಿಗೆ ಹೊರಟಾಗ ಲೈಬ್ರರಿಯ ಮುಂದೆಯೇ ಹಾದುಹೋದೆವು. ಜಗಲಿಗೆ ಈಗ ಟೈಲ್ಸ್ ಹಾಕಿದ್ದಾರೆ. ಕಲೆಯಿಲ್ಲ, ನೊಣವಿಲ್ಲ, ಯಾರೂ ಇಲ್ಲ. ಅವಳ ಕೈ ಹಿಡಿದು, "ನಿನ್ನ ಯಾವ ಊರಿಗಾದ್ರೂ ಹಾಕ್ಲಿ ಮಗ, ಸಾಹೇಬ್ರು ಬರೋ ದಿನ ಮಾತ್ರ ನೆಲ ತೊಳೆಯೋಕೆ ಬುಡ್ಬ್ಯಾಡ" ಅಂದೆ.

ಅವಳು ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು.