ಸದಾನಂದರು ಒಪ್ಪಿಕೊಂಡ ಸಂಜೆ

ಎದುರು ಫ್ಲಾಟಿನಲ್ಲಿ ಕೋಳಿ ಸುಕ್ಕ ಮಾಡುತ್ತಿದ್ದಾರೆ. ಹುರಿದ ತೆಂಗಿನ ತುರಿಯ ಘಮ ಬಾಗಿಲ ಸಂದಿನಿಂದ ಒಳಗೆ ಬಂದಿದೆ. ಈಗ ಅಲ್ಲಿರುವವರು ಹೊಸಬರು, ಇನ್ನೂ ಮಾತುಕತೆಯಾಗಿಲ್ಲ. ಆದರೂ ಶನಿವಾರ ಸಂಜೆ ಈ ವಾಸನೆ ಬಂದರೆ ನನ್ನ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಕೊಲ್ಲಿ ನಾಡಿನ ಅಲ್ ಕುಸೈಸ್‌ನ ಈ ಕಟ್ಟಡದಲ್ಲಿ ಎಷ್ಟೋ ವರ್ಷ ಆ ಬಾಗಿಲು ನನಗಾಗಿ ತೆರೆದೇ ಇರುತ್ತಿತ್ತು, ಜಗಳಕ್ಕೆ.

ಅಲ್ಲಿದ್ದವರು ಉಡುಪಿಯ ಸದಾನಂದರು ಮತ್ತು ಅವರ ಹೆಂಡತಿ ಶರ್ಮಿಳಾ. ಸದಾನಂದರು ಹರೆಯದಲ್ಲಿ ಅಮೆರಿಕದ ಒಂದು ಕಾಲೇಜಿನಲ್ಲಿ ಓದಿ ಬಂದವರು. ಪದವಿಯ ಜೊತೆಗೆ ಆ ಕಾಲೇಜಿನ ಫುಟ್‌ಬಾಲ್ ತಂಡದ ಹುಚ್ಚನ್ನೂ ಹೊತ್ತು ತಂದಿದ್ದರು. ಅಲ್ಲಿ ಮಧ್ಯಾಹ್ನ ನಡೆಯುವ ಆಟ ನಮಗೆ ಸಂಜೆ ಕತ್ತಲಾದ ಮೇಲೆ ಟೀವಿಯಲ್ಲಿ ಸಿಗುತ್ತಿತ್ತು. ಧಾರವಾಡದ ನನಗೆ ಮೊದಲ ದಿನ ತಲೆಬುಡ ತಿಳಿಯಲಿಲ್ಲ.

"ಕೈಯಾಗ ಚೆಂಡು ಹಿಡಕೊಂಡು ಓಡತಾರ. ಇದಕ್ಕ ಫುಟ್‌ಬಾಲ್ ಅಂತ ಯಾಕಂತಾರ್ರೀ?" ಎಂದು ಕೇಳಿದೆ.

ಅವರು ನೊಂದುಕೊಂಡೇ ಪಾಠ ಮಾಡಿದರು. ನನ್ನ ತಲೆಗೆ ಹೋದದ್ದು ಇಷ್ಟು: ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಚೆಂಡನ್ನು ಅಪ್ಪಿಕೊಂಡು ಎದುರಾಳಿಗಳ ಗುಂಪಿನೊಳಗೆ ನುಗ್ಗಬಹುದು, ಇಲ್ಲವೇ ದೂರ ಓಡುತ್ತಿರುವ ಜೊತೆಗಾರನಿಗೆ ಎಸೆಯಬಹುದು. ಯಾವಾಗ ಯಾವುದು ಎಂಬುದನ್ನು ಕೋಚ್ ಹೇಳುತ್ತಾನೆ. ಇಷ್ಟು ತಿಳಿದದ್ದೇ ಸಾಕಾಯಿತು, ಮರುವಾರದಿಂದ ನಾನೂ ಕೋಚ್.

"ಎಸೀರಿ ಅಂದ್ರ! ಗ್ವಾಡಿಗೆ ತಲಿ ಹೊಡಕೊಂಡಂಗ ಎಷ್ಟು ಸಲ ನುಗ್ಗೋದು?"

"ಎಸೆದದ್ದು ಅವರ ಕೈಗೆ ಸಿಕ್ಕಿದ್ರೆ? ಎಂತ ಮಾರಾಯ್ರೆ ನೀವು! ಎರಡೇ ಗಜ ಆಗ್ಲಿ, ಚೆಂಡು ನಮ್ಮ ಹತ್ರವೇ ಉಂಟಲ್ಲ!"

ಶರ್ಮಿಳಾ ಸುಕ್ಕದ ತಟ್ಟೆ ತಂದಿಟ್ಟು, "ಆ ಕೋಚಿಗೆ ನಿಮ್ಮಿಬ್ಬರ ನಂಬರ್ ಕೊಡಿ ಒಮ್ಮೆ" ಎಂದು ಒಳಗೆ ಹೋಗುತ್ತಿದ್ದರು. ಆ ಗದ್ದಲದಲ್ಲಿ ಆಫೀಸಿನ ಕಿರಿಕಿರಿ, ವೀಸಾದ ಚಿಂತೆ ಯಾವುದೂ ನೆನಪಾಗುತ್ತಿರಲಿಲ್ಲ.

ಒಂದು ಸೀಸನ್ನಿನ ನಡುವೆ ಸದಾನಂದರಿಗೆ ಪದಗಳು ತಪ್ಪತೊಡಗಿದವು. ರಿಮೋಟನ್ನು ಚಮಚ ಎಂದರು. ನಾನು ನಕ್ಕೆ, ಅವರೂ ನಕ್ಕರು. ಮಿದುಳಿನಲ್ಲಿ ಗೆಡ್ಡೆ ಎಂದು ಗೊತ್ತಾದ ಮೇಲೆ ಯಾರೂ ನಗಲಿಲ್ಲ. ಆಪರೇಷನ್ ಆಗಿ ಮನೆಗೆ ಬಂದವರು ಸೋಫಾದಲ್ಲಿ ಕೂತಿರುತ್ತಿದ್ದರು, ಕೊಟ್ಟದ್ದು ತಿನ್ನುತ್ತಿದ್ದರು. ಮಾತು ಹೆಚ್ಚುಕಡಿಮೆ ನಿಂತೇಹೋಗಿತ್ತು.

ಒಂದು ಶನಿವಾರ ಶರ್ಮಿಳಾ ಬಂದು ಬಾಗಿಲು ತಟ್ಟಿದರು. "ಅಣ್ಣ, ಇವತ್ತು ಅವರ ಮ್ಯಾಚ್ ಉಂಟಂತೆ. ಬನ್ನಿ, ಒಂಚೂರು ಜಗಳ ಮಾಡಿ. ಕೋಪ ಬಂದ್ರಾದ್ರೂ ಮಾತಾಡಿಯಾರು."

ಹೋದೆ. ಆಟದ ಕೊನೆಗೆ ಅವರ ತಂಡ ಗೆಲ್ಲಲು ಒಂದೇ ಗಜ ಬಾಕಿ. ನನ್ನಂಥವನೂ ನುಗ್ಗು ಎನ್ನುವ ಹೊತ್ತು. ಬೇಕೆಂದೇ ಕೂಗಿದೆ: "ಎಸೀಬೇಕ್ರೀ ಈಗ! ನುಗ್ಗೋದು ಅಂದ್ರ ಹೇಡಿಗಳ ಕೆಲಸ!"

ಸದಾನಂದರು ನನ್ನ ಕಡೆ ತಿರುಗಿದರು. ಮನೆಗೆ ಬಂದ ಅಪರಿಚಿತನಿಗೆ ಬೇಜಾರಾಗದಿರಲಿ ಎಂಬಂತೆ ಮೆಲ್ಲಗೆ ನಕ್ಕರು.

"ಹೌದು," ಎಂದರು. "ನೀವು ಹೇಳಿದ್ದೇ ಸರಿ."

ಶರ್ಮಿಳಾ ಗ್ಯಾಸ್ ಆರಿಸಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. ಚಳಿಗಾಲ ಮುಗಿಯುವ ಮೊದಲೇ ಸದಾನಂದರು ತೀರಿಕೊಂಡರು. ಶರ್ಮಿಳಾ ದೇಹದ ಜೊತೆ ಊರಿಗೆ ಹೋದವರು ಮತ್ತೆ ಬರಲಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಅವರ ಫೋನ್ ಬಂತು. ಯೋಗಕ್ಷೇಮದ ಮಾತು ಮುಗಿದ ಮೇಲೆ ಕೇಳಿದರು, "ಅಣ್ಣ, ಹೋದ ವಾರ ಮ್ಯಾಚ್ ಎಂತಾಯ್ತು?" ಎಂದೂ ಆಟದ ಬಗ್ಗೆ ವಿಚಾರಿಸಿದವರಲ್ಲ. ಸದಾನಂದರ ತಂಡದ ಆಟವನ್ನು ನಾನು ಈಗಲೂ ಒಬ್ಬನೇ ಕೂತು ನೋಡುತ್ತೇನೆಂದು ಅವರಿಗೆ ಗೊತ್ತು.

"ಸೋತ್ರು ತಂಗಿ. ಕಡೀಕ ಎಸಿಯಾಕ ಹೋಗಿ."

"ಅವರಿದ್ದಿದ್ರೆ ಎಂತ ಹೇಳ್ತಿದ್ರು?"

ಹೇಳಿದೆ. ಅವರ ವಾದವನ್ನೆಲ್ಲ, ಅವರು ಮೇಜು ಕುಟ್ಟುತ್ತಿದ್ದ ಜಾಗದಲ್ಲಿ ನಾನೇ ಮೇಜು ಕುಟ್ಟಿ ಹೇಳಿದೆ. ಅತ್ತ ಕಡೆಯಿಂದ ಸಣ್ಣ ನಗು ಕೇಳಿಸಿತು.

"ಅದಕ್ಕೆ ನೀವೆಂತ ಹೇಳ್ತಿದ್ರಿ?"

ಬಾಯಿ ತೆರೆದೆ. ನಾಲಿಗೆಗೆ ಬಂದದ್ದು ಮತ್ತೆ ಸದಾನಂದರ ವಾದವೇ. ಶರ್ಮಿಳಾ ಕಾಯುತ್ತಿದ್ದರು.