ತೊಳೆದ ಮಡಕೆ

ಕನಕಮ್ಮನ ಬಾಯಿಗೆ ಹೆದರದವರು ಆ ಲೈನಿನಲ್ಲಿ ಯಾರೂ ಇರಲಿಲ್ಲ. ಚಿನ್ನದ ಗಣಿಯ ಕೂಲಿಗಳಿಗೆಂದು ಎಬ್ಬಿಸಿದ ಸಾಲು ಮನೆಗಳಿಗೆ ಲೈನು ಅನ್ನುತ್ತಿದ್ದರು. ತಟ್ಟಿಯ ಗೋಡೆ, ತಗಡಿನ ಸೂರು. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರನೆಯ ಮನೆಯಲ್ಲಿ ಸೀನುತ್ತಿದ್ದರು. ಅಂಥ ಕಡೆ ಗುಟ್ಟು ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ. ಕನಕಮ್ಮ ಒಂದು ಗುಟ್ಟನ್ನು ಒಂಬತ್ತು ವರ್ಷ ಇಟ್ಟುಕೊಂಡಳು, ಒಂದು ದ್ವೇಷವನ್ನೂ ಅಷ್ಟೇ ವರ್ಷ ಹೊಟ್ಟೆಗೆ ಹಾಕಿ ಸಾಕಿದಳು. ಎರಡೂ ಒಂದೇ ಮಡಕೆಯಿಂದ ಹುಟ್ಟಿದ್ದು.

ಲೈನಿನ ಮುಂದೆ ಫುಟ್‌ಬಾಲ್ ಮೈದಾನ. ಗಾಳಿ ಎದ್ದರೆ, ಚಿನ್ನ ತೆಗೆದ ಅದಿರಿನ ಕಸ ಸುರಿದ ಸೈನೈಡ್ ದಿಬ್ಬದ ಬೂದು ಪುಡಿ ಬಂದು ಆಡುವವರ ಕಣ್ಣಿಗೂ ನೋಡುವವರ ಇಡ್ಲಿಗೂ ಸಮನಾಗಿ ಬೀಳುತ್ತಿತ್ತು. ಮೂಡಲ ಕಡೆಯ ಗೋಲು ಕಂಬದ ಹಿಂದೆ ಕನಕಮ್ಮನ ಹೋಟೆಲು, ಪಡುವಲ ಕಡೆಯ ಕಂಬದ ಹಿಂದೆ ಅವಳ ವಾರಗಿತ್ತಿ ಮಾರಿಯಮ್ಮನ ಹೋಟೆಲು. ಹೋಟೆಲು ಅಂದರೆ ನಾಲ್ಕು ಬೊಂಬು, ಸುತ್ತ ತಟ್ಟಿ, ಮೇಲೊಂದು ತಗಡು, ಎರಡು ಬೆಂಚು. ಇಡ್ಲಿ, ಬೋಟಿ ಗೊಜ್ಜು, ಕಡಲೆ ಉಸಲಿ ಎರಡು ಕಡೆಯೂ ಸಿಗುತ್ತಿತ್ತು. ಭಾನುವಾರ ಪಂದ್ಯ ಇದ್ದರೆ ಹುಳಿಗಂಜಿಯೂ ಸಿಗುತ್ತಿತ್ತು, ಜನ ಬರುತ್ತಿದ್ದದ್ದು ಅದಕ್ಕೇ.

ಕುಡಿದರೆ ಕಾಲು ಹಗುರ, ನಾಲಗೆ ಇನ್ನೂ ಹಗುರ, ಅಂಥ ಗಂಜಿ. ಪೊಲೀಸಿನವನು ಬಂದು ಇದೇನು ಅಂತ ಕೇಳಿದರೆ ರಾಗಿ ಗಂಜಿ ಸಾಮಿ ಅನ್ನುತ್ತಿದ್ದರು. ಒಂದು ಲೋಟ ಇಳಿದ ಮೇಲೆ ಅವನೂ ಹೌದು ಗಂಜಿಯೇ ಅನ್ನುತ್ತಿದ್ದ.

ಕನಕಮ್ಮನ ಮನೆಯಲ್ಲಿ ಗುರುವಾರ ಬಂದರೆ ಎಲ್ಲರಿಗೂ ಕೆಲಸ. ಗಂಡ ಆರುಮುಗಂ ಷಿಫ್ಟು ಮುಗಿಸಿ ಬಂದು, ಮೈಮೇಲಿನ ಗಣಿಯ ಕೆಸರು ತೊಳೆದುಕೊಂಡು, ಮೊಳಕೆ ಬಂದು ಒಣಗಿದ ರಾಗಿಯನ್ನು ಕೇರುತ್ತಿದ್ದ. ಮಗ ಮುನಿಶಾಮಿ ಮೇಲಿನ ಲೈನಿನ ಟೀಮಿನ ಗೋಲ್‌ಕೀಪರ್. ಚೆಂಡು ಹಿಡಿಯೋ ಕೈಗೆ ಬಲ ಬರಲಿ ಅಂತ ತಾಯಿ ಅವನ ಕೈಗೆ ಒನಕೆ ಕೊಟ್ಟಿದ್ದಳು. ನಾಲ್ಕು ತಿಂಗಳ ಹಿಂದೆ ಮದುವೆಯಾಗಿ ಬಂದ ಸೊಸೆ ಅಶ್ವತ್ಥಮ್ಮ ಒಲೆಯ ಮುಂದೆ ಕೂತು ರಾಗಿಹಿಟ್ಟು, ನುಚ್ಚು ಹಾಕಿ ಗಂಜಿ ಕಾಯಿಸುತ್ತಿದ್ದಳು. ನಗು, ಕೀಟಲೆ, ಹೋದ ವಾರದ ಗೋಲಿನ ಜಗಳ ಎಲ್ಲ ಅಲ್ಲೇ ನಡೆಯುತ್ತಿತ್ತು. ಗಂಜಿ ಆರಿತು ಅನ್ನುವಾಗ ಮಾತ್ರ ಕನಕಮ್ಮ ಎಲ್ಲರನ್ನೂ ಆಚೆಗೆ ಅಟ್ಟುತ್ತಿದ್ದಳು. ತಡಿಕೆಯ ಬಾಗಿಲು ಮುಚ್ಚಿ, ಮೂಲೆಯ ಮಡಕೆಗೆ ಒಬ್ಬಳೇ ಗಂಜಿ ಸುರಿದು, ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು.

ಆ ಮಡಕೆ ಅತ್ತೆ ನರಸಮ್ಮನದು. ಒಳಗಡೆ ಒಂದು ಸಲವೂ ನೀರು ಕಂಡದ್ದಲ್ಲ. ಗಂಜಿ ಬಸಿದ ಮೇಲೆ ತಳದಲ್ಲಿ ಎರಡು ಬೆರಳು ಮಡ್ಡಿ ಉಳಿಸಿ, ಅದರ ಮೇಲೆಯೇ ಮುಂದಿನ ಗಂಜಿ ಸುರಿಯಬೇಕು. ಆ ಮಡ್ಡಿಯಿಂದಲೇ ಹೊಸ ಗಂಜಿ ಹುಳಿಯಾಗುವುದು, ಆ ಮಡ್ಡಿಯಲ್ಲೇ ಅತ್ತೆಯ ಕೈರುಚಿ ಇರುವುದು. ಹುಳಿಯೆಲ್ಲ ಇಳಿದ ಮೇಲೆ ನಾಲಗೆಯ ತುದಿಗೆ ಒಂದು ಚೂರು ಸಿಹಿ ತಾಗುತ್ತಿತ್ತು. ಅದು ಬೇರೆ ಯಾರ ಗಂಜಿಯಲ್ಲೂ ಇರಲಿಲ್ಲ. ಗುಟ್ಟು ಇಷ್ಟೇ.

ಇನ್ನು ದ್ವೇಷದ ಸಂಗತಿ. ಐವತ್ತನಾಲ್ಕನೆಯ ಇಸವಿಯಲ್ಲಿ ಅತ್ತೆ ತೀರಿಕೊಂಡಳು. ಕಾರ್ಯವೆಲ್ಲ ಮುಗಿದ ಮಾರನೆಯ ದಿನ ಅಣ್ಣ ಆರುಮುಗಂ, ತಮ್ಮ ಆದಿನಾರಾಯಣ ಭಾಗ ಮಾಡಿಕೊಂಡರು. ಹಿರಿಯ ಸೊಸೆಗೆ ಮಡಕೆ ಬಂತು. ಕಿರಿಯ ಸೊಸೆ ಮಾರಿಯಮ್ಮ ಅದರ ಮಡ್ಡಿಯಲ್ಲಿ ಒಂದು ಸೌಟು ಕೇಳಿದಳು. ಕನಕಮ್ಮ ಬಟ್ಟೆ ಬಿಚ್ಚಿ ನೋಡಿದರೆ ಮಡಕೆಯಲ್ಲಿ ಗಂಜಿ ಗೇಣುದ್ದ ಇಳಿದುಹೋಗಿತ್ತು, ತಳದ ಮಡ್ಡಿ ಕದಡಿತ್ತು. ಕೇಳುವ ಮೊದಲೇ ಕದ್ದಿದ್ದಾಳೆ, ಈಗ ಕೇಳುವ ನಾಟಕ ಬೇರೆ! ಕನಕಮ್ಮ ಹೊರಗೆ ಬಂದು ಲೈನಿಗೆ ಲೈನೇ ಕೇಳುವಂತೆ ಮಾರಿಯಮ್ಮನನ್ನು ಕಳ್ಳಿ ಅಂದಳು. ಸೌಟು ಕೊಡಲಿಲ್ಲ. ಅಲ್ಲಿಂದ ಮುಂದೆ ಒಂಬತ್ತು ವರ್ಷ, ಪ್ರತಿ ಭಾನುವಾರ, ಮಗನಿಗೆ ಕೂಗುವ ನೆಪದಲ್ಲಿ ಆ ಮಾತನ್ನು ಮೈದಾನದಾಚೆಗೆ ಎಸೆಯುತ್ತಿದ್ದಳು. ಮಾರಿಯಮ್ಮನ ಹೋಟೆಲಿನ ಹೊಸಿಲು ತುಳಿಯಲಿಲ್ಲ, ಅಲ್ಲಿನ ಹನಿ ನೀರೂ ಕುಡಿಯಲಿಲ್ಲ. ಗಿರಾಕಿಗಳಂತೂ ಕೀಟಲೆಗೆ, ನಿಮ್ಮಿಬ್ಬರ ಗಂಜೀನೂ ಒಂದೇ ರುಚಿ ಕಣಕ್ಕ ಅಂತ ಉರಿಯುವ ಒಲೆಗೆ ಸೌದೆ ಇಡುತ್ತಿದ್ದರು. ಅಣ್ಣ ತಮ್ಮ ಇಬ್ಬರೂ ಗಣಿಯೊಳಗೆ ಒಂದೇ ಷಿಫ್ಟಿನಲ್ಲಿ ದುಡಿದು, ಹೆಂಡತಿಯರ ಕಣ್ಣು ತಲುಪದ ಆ ಆಳದಲ್ಲಿ ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದರು. ಮೇಲೆ ಬಂದರೆ ಗುರುತು ಪರಿಚಯ ಇಲ್ಲದವರಂತೆ ಒಬ್ಬರು ಮುಂದೆ, ಒಬ್ಬರು ಹಿಂದೆ ನಡೆಯುತ್ತಿದ್ದರು.

ಲೈನಿನಲ್ಲಿ ಇನ್ನೊಬ್ಬ ಕಳ್ಳಿ ಹುಟ್ಟಬಾರದು ಅಂತ ಕನಕಮ್ಮ ಮಡ್ಡಿಯ ಸಂಗತಿಯನ್ನು ಸೊಸೆಗೂ ಹೇಳಿರಲಿಲ್ಲ. ಎಲ್ಲ ಕೆಟ್ಟದ್ದು ಅಲ್ಲೇ.

ಅರವತ್ತಮೂರರಲ್ಲಿ ಲೈನುಗಳ ಫುಟ್‌ಬಾಲ್ ಕಪ್ಪಿಗೆ ಮೇಲಿನ ಲೈನಿಗೂ ಕೆಳಗಿನ ಲೈನಿಗೂ ಕೊನೆಯ ಪಂದ್ಯ ಗೊತ್ತಾದ ವಾರ. ಗುರುವಾರ ಬೆಳಗಿನ ರೈಲಿಗೆ ಕನಕಮ್ಮ ನುಚ್ಚು ತರಲು ಬಂಗಾರಪೇಟೆಗೆ ಹೋದಳು. ಅಶ್ವತ್ಥಮ್ಮ ಬೂದಿಕೋಟೆ ಕಡೆಯ ಹೈನಿನ ಮನೆಯ ಹುಡುಗಿ. ಹುಳಿ ವಾಸನೆ ಹಿಡಿದ ಮಡಕೆಯನ್ನು ಹಾಗೇ ಬಿಟ್ಟರೆ ಹಾಲು ಒಡೆಯುತ್ತದೆ, ಮನೆಯ ಹೆಣ್ಣುಮಕ್ಕಳ ಮಾನ ಹೋಗುತ್ತದೆ ಅಂತ ಕಲಿತು ಬೆಳೆದವಳು. ಅತ್ತೆ ಒಮ್ಮೆಯಾದರೂ ಭೇಷ್ ಅನ್ನಲಿ ಅಂತ ಅವಳಿಗೆ ಆಸೆ. ಮೂಲೆಯ ಮಡಕೆ ಎತ್ತಿ ತಂದು, ಮಡ್ಡಿಯನ್ನು ಮೋರಿಗೆ ಚೆಲ್ಲಿ, ಬೂದಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಮೂರು ಸಲ ಕುದಿಯುವ ನೀರು ಹೊಯ್ದಳು. ಬಿಸಿಲಿಗೆ ಬೋರಲು ಹಾಕಿದಳು.

ಮಧ್ಯಾಹ್ನ ನುಚ್ಚಿನ ಮೂಟೆ ಹೊತ್ತು ಬಂದ ಕನಕಮ್ಮ ಅಂಗಳದಲ್ಲಿ ಬೋರಲು ಬಿದ್ದ ಮಡಕೆ ನೋಡಿದಳು. ಮೂಟೆ ತಾನಾಗಿ ತಲೆಯಿಂದ ಜಾರಿತು. ಮಡಕೆ ಎತ್ತಿ ಮೂಸಿದಳು. ಬಿಸಿಲು, ಬೂದಿ, ಅಷ್ಟೇ. ಆಮೇಲೆ ಅವಳು ತೆಲುಗಿನಲ್ಲಿ ಶುರು ಮಾಡಿ ತಮಿಳಿಗೆ ದಾಟಿ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಹುಡುಗಿಯ ತಾಯಿ, ಅಜ್ಜಿ, ಬೂದಿಕೋಟೆಯ ದನಗಳು, ಯಾರನ್ನೂ ಬಿಡಲಿಲ್ಲ.

ಅಶ್ವತ್ಥಮ್ಮ ಅಳುತ್ತಲೇ ಕೇಳಿದಳು: “ಅದು ಮೊಸರಿನ ಎಪ್ಪು ಇದ್ದಂಗೆ ಅಂತ ಒಂದು ಮಾತು ಏಳಿದ್ರೆ ನಾನ್ಯಾಕೆ ತೊಳೀತಿದ್ದೆ ಅತ್ತೆ? ನಮ್ಮನೇಲಿ ಎಪ್ಪಿನ ಕುಡಿಕೇನ ನಾಯಿ ಮುಟ್ಟೋಕೂ ಬಿಡಲ್ಲ.”

ಹುಡುಗಿ ಹೇಳಿದ್ದು ನಿಜ ಅಂತ ಕನಕಮ್ಮನಿಗೂ ಗೊತ್ತಾಯಿತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಆ ದಿನ ಒಲೆ ಹಚ್ಚಲಿಲ್ಲ.

ರಾತ್ರಿಯೆಲ್ಲ ಲೆಕ್ಕ ಹಾಕಿದರೂ ದಾರಿ ಒಂದೇ ಉಳಿಯಿತು. ಅತ್ತೆಯ ಮಡ್ಡಿ ಈಗ ಲೋಕದಲ್ಲಿ ಇರುವುದಾದರೆ ಅದನ್ನು ಕದ್ದವಳ ಹತ್ತಿರ ಇರಬೇಕು. ಅವಳ ಮುಂದೆ ಕೈ ಒಡ್ಡಬೇಕು, ಇಲ್ಲ ಆ ರುಚಿಯನ್ನು ಮರೆಯಬೇಕು. ಶುಕ್ರವಾರ ಬೆಳಿಗ್ಗೆ ಕನಕಮ್ಮ ಒಂದು ಪುಟ್ಟ ಕುಡಿಕೆ ಸೆರಗಿನಲ್ಲಿ ಮುಚ್ಚಿಕೊಂಡು ಖಾಲಿ ಮೈದಾನವನ್ನು ನಡುವಿನಿಂದಲೇ ದಾಟಿದಳು.

ಮಾರಿಯಮ್ಮನ ಬೆಂಚಿನ ಮೇಲೆ ಷಿಫ್ಟು ಮುಗಿಸಿ ಬಂದ ಮೂವರು ಇಡ್ಲಿ ತಿನ್ನುತ್ತಿದ್ದರು. ಬಾಗಿಲಲ್ಲಿ ನಿಂತವಳನ್ನು ನೋಡಿ ಅವರ ಕೈ ಎಲೆಯಲ್ಲೇ ನಿಂತಿತು.

“ಯಾಕಕ್ಕ ಬಂದೆ?” ಅಂದಳು ಮಾರಿಯಮ್ಮ. ದನಿಯಲ್ಲಿ ಬಾ ಅನ್ನುವುದೂ ಇರಲಿಲ್ಲ, ಹೋಗು ಅನ್ನುವುದೂ ಇರಲಿಲ್ಲ.

“ಅತ್ತೆ ಮಡ್ಡಿ ಓಗ್ಬುಡ್ತು. ಸೊಸೆ ತೊಳ್ದಾಕಿದ್ಲು. ನೀನು ತಕ್ಕಂಡೋಗಿದ್ರಲ್ಲಿ ಒಂದು ಸೌಟು ಕೊಡು.”

ಕದ್ದದ್ದು ಅನ್ನದೆ ತಕ್ಕಂಡೋಗಿದ್ದು ಅಂದದ್ದೇ ತನ್ನ ದೊಡ್ಡತನ ಅಂತ ಕನಕಮ್ಮ ಅಂದುಕೊಂಡಿದ್ದಳು. ಮಾರಿಯಮ್ಮ ಉತ್ತರ ಕೊಡದೆ ತನ್ನ ಮಡಕೆಯಿಂದ ಒಂದು ಲೋಟ ತುಂಬಿಸಿ ಬೆಂಚಿನ ಮೇಲೆ ಇಟ್ಟಳು.

“ಕುಡಿ.”

ಕನಕಮ್ಮ ಕುಡಿದಳು. ಗಂಟಲು ಕೆರೆಯುವ ಹುಳಿ, ಉಪ್ಪು ಜಾಸ್ತಿ. ಹುಳಿ ಇಳಿಯಲಿ ಅಂತ ಕಾದಳು. ಇಳಿದ ಮೇಲೂ ಆ ಒಂದು ಚೂರು ಸಿಹಿ ಬರಲಿಲ್ಲ. ಇನ್ನೊಂದು ಗುಟುಕು ಕುಡಿದಳು. ಇದು ಅತ್ತೆಯದಲ್ಲ. ಯಾವತ್ತೂ ಆಗಿರಲಿಲ್ಲ.

“ಇದು ನಮ್ಮಮ್ಮ ಕ್ಯಾಸಂಬಳ್ಳಿಯಿಂದ ತಂದುಕೊಟ್ಟ ಮಡ್ಡಿ,” ಅಂದಳು ಮಾರಿಯಮ್ಮ. “ಅತ್ತೇದು ನನ್ನತ್ರ ಯಾವತ್ತು ಇತ್ತು? ನೀನು ಕೊಟ್ಟಿದ್ರೆ ತಾನೆ? ಒಂಬತ್ತು ವರ್ಷ ನನ್ನ ಮಕ್ಳ ಮುಂದೆ ಕಳ್ಳಿ ಅಂದೆ. ಇವಾಗ ಇವ್ರ ಮುಂದೆ ಏಳು, ನಾನೇನು ಕದ್ದೆ?”

ಇಡ್ಲಿ ತಿನ್ನುತ್ತಿದ್ದವರು ಕನಕಮ್ಮನ ಮುಖ ನೋಡಿದರು. ಅವಳ ಬಾಯಿಗೆ ಬಂದದ್ದು ಎರಡೇ ಮಾತು.

“ಉಪ್ಪು ಜಾಸ್ತಿ,” ಅಂದು ಲೋಟ ಇಟ್ಟು ಬಂದುಬಿಟ್ಟಳು.

ಮನೆಗೆ ಬಂದು ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ಅವಳು ಕದಿಯಲಿಲ್ಲ ಅಂದರೆ ಆ ದಿನ ಗೇಣುದ್ದ ಗಂಜಿ ಏನಾಯಿತು?

“ಕಾರ್ಯ ಮುಗಿದ ದಿನ ನಾನೂ ತಮ್ಮನೂ ಕುಡಿದ್ವಿ,” ಅಂದ ಆರುಮುಗಂ. “ಅಮ್ಮನ ಕೈಲಿ ಮಾಡಿದ್ದು ಅದೇ ಕೊನೇದು ಕನಕ. ಮಕ್ಕಳಿಗೆ ಬುಟ್ಟು ಇನ್ಯಾರಿಗೆ?”

“ನಾನು ಅವ್ಳನ್ನ ಕಳ್ಳಿ ಅಂತ ಬಯ್ಯೋವಾಗ ನಿನ್ನ ಬಾಯಿಗೇನಾಗಿತ್ತಯ್ಯ?”

“ಮೊದಲ್ನೇ ದಿನ ಎದರಿಕೆ ಆಯ್ತು. ಆಮೇಲೆ ಏಳಿದ್ರೆ ಇಷ್ಟು ದಿನ ಯಾಕೆ ಏಳ್ಲಿಲ್ಲ ಅಂತೀಯ ಅಂತ ಸುಮ್ಕಾದೆ.”

ತಮ್ಮ ಆದಿನಾರಾಯಣನೂ ಇದೇ ಧೈರ್ಯದವನು. ಇಬ್ಬರು ಗಂಡಸರು ಗಣಿಯ ಪಾತಾಳಕ್ಕೆ ದಿನಾ ಇಳಿಯುತ್ತಿದ್ದರು, ಒಬ್ಬ ಹೆಂಗಸಿಗೆ ಒಂದು ನಿಜ ಹೇಳಲು ಒಂಬತ್ತು ವರ್ಷ ಸಾಲಲಿಲ್ಲ. ಕನಕಮ್ಮ ಗಂಡನನ್ನು ಬೈಯಲೂ ಇಲ್ಲ. ಬೈಗುಳ ಅಷ್ಟನ್ನೂ ತಪ್ಪು ಮನೆಗೆ ಸುರಿದು ಬರಿದಾಗಿ ಕೂತಿದ್ದಳು.

ಭಾನುವಾರ ಮೈದಾನದ ಸುತ್ತ ಕಾಲಿಡಲು ಜಾಗ ಇರಲಿಲ್ಲ. ಮೊದಲರ್ಧ ಮುನಿಶಾಮಿ ತಾಯಿಯ ಕಡೆಯ ಗೋಲು ಕಾದ. ಎರಡು ಸಲ ಅಡ್ಡ ಹಾರಿ ಚೆಂಡು ತಬ್ಬಿ ಹಿಡಿದ. ಜನ ಹುಚ್ಚೆದ್ದು ಕೂಗಿದರು, ಹಿಂದಿನಿಂದ ತಾಯಿಯ ದನಿ ಮಾತ್ರ ಬರಲಿಲ್ಲ. ಅಮ್ಮನಿಗೆ ಜ್ವರವೋ ಏನೋ ಅಂತ ಅವನು ತಿರುತಿರುಗಿ ನೋಡಿದ.

ಅರ್ಧ ಆಟದ ಸೀಟಿ ಕೇಳಿತು. ಟೀಮುಗಳು ಕಡೆ ಬದಲಾಯಿಸುವ ಹೊತ್ತಿಗೆ ಕನಕಮ್ಮ ಆ ಮಡಕೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಮೈದಾನಕ್ಕೆ ಇಳಿದಳು. ನಡುಗೆರೆ ದಾಟಿ, ಮಗನನ್ನೂ ದಾಟಿ, ಪಡುವಲ ಕಂಬದ ಪಕ್ಕದಲ್ಲಿ ನಿಂತಳು. ಕಳ್ಳಿ ಅಂದದ್ದು ಎಷ್ಟು ದೊಡ್ಡ ಗಂಟಲಿನಲ್ಲೋ ಅಷ್ಟೇ ದೊಡ್ಡ ಗಂಟಲಿನಲ್ಲಿ ಹೇಳಿದಳು:

“ಎಲ್ರೂ ಕೇಳಿ. ಮಾರಿಯಮ್ಮ ಏನೂ ಕದ್ದಿಲ್ಲ. ಕುಡ್ದಿದ್ದು ನನ್ನ ಗಂಡ, ಅವಳ ಗಂಡ. ನಾನು ಅಂದಿದ್ದು ತಪ್ಪು.”

ಯಾರೋ ನಕ್ಕರು. ಗಂಡಸರ ಗುಂಪಿನಲ್ಲಿ ಅಣ್ಣ ತಮ್ಮ ಇಬ್ಬರೂ ತಲೆ ತಗ್ಗಿಸಿದರು. ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತ. ಕನಕಮ್ಮ ಮಡಕೆಯನ್ನು ಮಾರಿಯಮ್ಮನ ಮುಂದೆ ಇಳಿಸಿದಳು.

“ಅತ್ತೆ ಮಡಕೆ. ನೀನು ಇಟ್ಕೋ.”

ಮಾರಿಯಮ್ಮ ಮಡಕೆಯೊಳಗೆ ಇಣುಕಿ ನೋಡಿದಳು. ಬೆರಳಿನಿಂದ ಒಳಗೆಲ್ಲ ಸವರಿದಳು. ಬೆರಳಿಗೆ ಏನೂ ಅಂಟಲಿಲ್ಲ.

“ನಾನು ಮಡಕೆ ಕೇಳಿರ್ಲಿಲ್ಲ ಅಕ್ಕ, ಒಂದು ಸೌಟು ಮಡ್ಡಿ ಕೇಳಿದ್ದೆ,” ಅಂದಳು. “ಆವತ್ತು ಕೊಟ್ಟಿದ್ರೆ ಇವತ್ತು ನನ್ನತ್ರ ಇರ್ತಿತ್ತು. ನಿಂಗೆ ಒಂದಲ್ಲ, ನಾಲ್ಕು ಸೌಟು ಕೊಡ್ತಿದ್ದೆ.”

ಅಷ್ಟು ಹೇಳಿ ಮಡಕೆಯನ್ನು ಎತ್ತಿಕೊಂಡು ಹೋಗಿ ಹೋಟೆಲಿನ ಬಾಗಿಲ ಪಕ್ಕ ಇಟ್ಟಳು. ಎರಡು ಬಿಂದಿಗೆ ನೀರು ಸುರಿದಳು. ಮೇಲೊಂದು ತೆಂಗಿನ ಚಿಪ್ಪು ಇಟ್ಟಳು.

“ಕೈ ತೊಳೆಯೋಕೆ ಒಂದು ಬೇಕಿತ್ತು,” ಅಂದಳು.

ಅತ್ತೆಯ ಮಡಕೆ ಎಂಜಲು ಕೈಗೆ! ಈಗ ಕನಕಮ್ಮ ಆ ಚಿಪ್ಪನ್ನೇ ಅವಳ ತಲೆಗೆ ಎಸೆಯುತ್ತಾಳೆ ಅಂತ ಎಲ್ಲರೂ ಕಾದರು. ಕನಕಮ್ಮ ಚಿಪ್ಪು ಎತ್ತಿಕೊಂಡಳು. ನೀರು ಮೊಗೆದು ಎರಡೂ ಕೈ ತೊಳೆದುಕೊಂಡಳು, ಸೆರಗಿಗೆ ಒರೆಸಿಕೊಂಡಳು, ಒಳಗೆ ಹೋಗಿ ಬೆಂಚಿನ ತುದಿಗೆ ಕೂತಳು.

“ಒಂದು ಲೋಟ ಕೊಡು.”

ಮಾರಿಯಮ್ಮ ಕೊಟ್ಟಳು. ಕನಕಮ್ಮ ಬುಡದವರೆಗೂ ಕುಡಿದಳು. ಅಷ್ಟರಲ್ಲಿ ಆಟ ಶುರುವಾಗಿತ್ತು. ಹಿಂದೆ ಏನು ನಡೆಯುತ್ತಿದೆ ಅಂತ ತಿರುಗಿ ನೋಡುತ್ತಿದ್ದ ಮುನಿಶಾಮಿಯ ಪಕ್ಕದಿಂದ ಚೆಂಡು ಒಳಗೆ ಹೋಯಿತು. ಕಪ್ಪು ಕೆಳಗಿನ ಲೈನಿನ ಪಾಲಾಯಿತು.

ಮುಂದಿನ ಗುರುವಾರ ಕನಕಮ್ಮ ಹೊಸ ಮಡಕೆ ತಂದಳು. ಗಂಜಿ ಆರಿದಾಗ ಯಾರನ್ನೂ ಆಚೆಗೆ ಅಟ್ಟಲಿಲ್ಲ. ಅಶ್ವತ್ಥಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಎಷ್ಟು ಮಡ್ಡಿ ಬಿಡಬೇಕು, ಯಾಕೆ ಬಿಡಬೇಕು, ಎಲ್ಲ ಬಿಡಿಸಿ ಹೇಳಿದಳು. ಹಳೆಯ ಮಡ್ಡಿ ಇಲ್ಲದೆ ತಾನಾಗಿ ಹುಳಿಯಾದರೂ ಗಂಜಿ ಚೆನ್ನಾಗಿಯೇ ಬಂತು, ಆ ಸಿಹಿ ಮಾತ್ರ ಮತ್ತೆ ಬರಲಿಲ್ಲ. ವಾರಗಿತ್ತಿಯರು ಒಂದಾದರು ಅಂತ ಯಾರಾದರೂ ಅಂದುಕೊಂಡರೆ ಅದು ಸುಳ್ಳು. ಕಳ್ಳಿ ಅನ್ನುವ ಮಾತೊಂದನ್ನು ಬಿಟ್ಟು ಉಳಿದ ಬೈಗುಳಗಳೆಲ್ಲ ಭಾನುವಾರಕ್ಕೊಮ್ಮೆ ಮೈದಾನದ ಎರಡು ಕಡೆಯಿಂದಲೂ ಹಾರುತ್ತಿದ್ದವು. ತಿಂಗಳಿಗೊಮ್ಮೆ ಕನಕಮ್ಮ ಆ ಕಡೆಗೆ ಹೋಗಿ ಒಂದು ಲೋಟ ಕುಡಿದು, ಉಪ್ಪು ಜಾಸ್ತಿ ಅಂತ ಹೇಳಿ ಬರುತ್ತಿದ್ದಳು. ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ಅತ್ತೆಯ ಮಡಕೆಯ ನೀರಿನಿಂದ ಕೈ ತೊಳೆಯಬೇಕಾಗುತ್ತಿತ್ತು. ಅದಕ್ಕೆ ಅವಳು ಏನೂ ಅನ್ನುವಂತಿರಲಿಲ್ಲ.